ಜಗಳ ಕಾಪಾಡಿದ ಪೆಟ್ಟಿಗೆಗಳು

ಇಂಗ್ಲೆಂಡಿನ ಚೆಸ್ಟರ್‌ನಿಂದ ವೇಲ್ಸ್‌ನ ಹೋಲಿಹೆಡ್‌ಗೆ ಹೋಗುವ ರೈಲಿನಲ್ಲಿ ಬಲಗಡೆಯ ಕಿಟಕಿ ಸಿಕ್ಕರೆ ಬಿಡಬಾರದು. ಫ್ಲಿಂಟ್ ನಿಲ್ದಾಣ ದಾಟಿದ ಮೇಲೆ ಡೀ ನದಿಯ ಅಗಲವಾದ ಅಳಿವೆ ಜೊತೆಗೇ ಬರುತ್ತದೆ. ಕೆಸರು, ಜೌಗು ಹುಲ್ಲು, ಬೂದು ಬಣ್ಣದ ನೀರು. ಇಷ್ಟೇ ತಾನೆ ಎಂದು ಕಣ್ಣು ತೂಗುವ ಹೊತ್ತಿಗೆ ಹಳಿಯ ಪಕ್ಕದಲ್ಲೇ ಒಂದು ಹಡಗು ಎದ್ದು ನಿಲ್ಲುತ್ತದೆ. ಮೀನುಗಾರರ ದೋಣಿಯಲ್ಲ, ಸುಮಾರು 114 ಮೀಟರ್ ಉದ್ದದ, ನೂರಾರು ಜನ ಮಲಗಿ ಪ್ರಯಾಣ ಮಾಡುತ್ತಿದ್ದ ಹಡಗು. ಅದು ತೇಲುತ್ತಿರುವಂತೆ ಕಾಣುವುದಿಲ್ಲ. ಗದ್ದೆಯ ಬದುವಿನ ಮೇಲೆ ಯಾರೋ ತಂದಿಟ್ಟು, ಆಮೇಲೆ ಬಂದು ಒಯ್ಯುತ್ತೇನೆಂದು ಹೇಳಿ ಹೋದವರು ಮರಳಿ ಬಾರದೇ ಇದ್ದಂತೆ ಕಾಣುತ್ತದೆ.

ಈ ಹಡಗಿನ ಹೊಟ್ಟೆಯಲ್ಲಿ ಐವತ್ತರ ಆಸುಪಾಸು ವಿಡಿಯೊ ಗೇಮ್ ಯಂತ್ರಗಳು ಕಾಲು ಶತಮಾನಕ್ಕೂ ಹೆಚ್ಚು ಕಾಲ ಕತ್ತಲಲ್ಲಿ ನಿಂತಿದ್ದವು. ಕಾಸು ಹಾಕಿ, ನಿಂತು ಆಡುವ, ಆಳೆತ್ತರದ ಪೆಟ್ಟಿಗೆಗಳು. ಅವನ್ನು ಪತ್ತೆ ಮಾಡಿ ಹೊರಗೆ ತಂದ ಕತೆ ಇದು. ಪತ್ತೆ ಎಂಬ ಮಾತನ್ನು ಮಾತ್ರ ಸ್ವಲ್ಪ ಎಚ್ಚರದಿಂದ ಬಳಸಬೇಕು. ಇಷ್ಟು ದೊಡ್ಡ ಹಡಗು ಯಾರ ಕಣ್ಣಿಗೆ ತಾನೇ ಬೀಳದೆ ಇದ್ದೀತು? ದಿನಾ ರೈಲಿನಲ್ಲಿ ಹೋಗುವವರೆಲ್ಲ ಅದನ್ನು ನೋಡುತ್ತಲೇ ಇದ್ದರು.

ಹೆಸರು ಡ್ಯೂಕ್ ಆಫ್ ಲ್ಯಾಂಕಾಸ್ಟರ್. ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವೂಲ್ಫ್, ಅಂದರೆ ಟೈಟಾನಿಕ್ ಕಟ್ಟಿದ ಅದೇ ಕಾರ್ಖಾನೆ, ಇದನ್ನೂ ಕಟ್ಟಿತು. 1956ರಲ್ಲಿ ಕೆಲಸಕ್ಕಿಳಿಯಿತು. ಒಡೆಯರು ಬ್ರಿಟಿಷ್ ರೈಲ್ವೇಸ್. ರೈಲಿನವರಿಗೆ ಹಡಗು ಯಾಕೆ ಎಂದು ನಮಗೆ ಅನ್ನಿಸುವುದು ಸಹಜ. ಅಲ್ಲಿ ರೈಲಿನಲ್ಲಿ ಬಂದು ಕಡಲಂಚಿಗೆ ಇಳಿದವರನ್ನು ಐರ್ಲೆಂಡಿಗೆ ದಾಟಿಸುವುದೂ ರೈಲ್ವೆಯದೇ ಕೆಲಸವಾಗಿತ್ತು. ಹೀಶಮ್ ಬಂದರಿನಿಂದ ಬೆಲ್‌ಫಾಸ್ಟ್‌ಗೆ ರಾತ್ರಿಯ ಪ್ರಯಾಣ. ನಡುನಡುವೆ ಸ್ಕಾಟ್ಲೆಂಡಿನ ದ್ವೀಪಗಳಿಗೆ, ನಾರ್ವೆಗೆ ವಿಹಾರ ಯಾತ್ರೆ. 1970ರಲ್ಲಿ ಒಳಗಿನದ್ದನ್ನು ಕಿತ್ತು ಕಾರುಗಳನ್ನೂ ಒಯ್ಯುವಂತೆ ಮಾಡಿದರು. 1975ರಲ್ಲಿ ಆ ದಾರಿಯೇ ನಿಂತಿತು. ಆಮೇಲೆ ಅಲ್ಲಿ ಇಲ್ಲಿ ಬದಲಿ ಕೆಲಸ. 1978ರ ನವೆಂಬರಿಗೆ ಅದೂ ಮುಗಿಯಿತು.

ಗುಜರಿಗೆ ಹೋಗಬೇಕಿದ್ದ ಹಡಗನ್ನು ಲಿವರ್‌ಪೂಲ್‌ನ ಒಂದು ಕಂಪನಿ ಕೊಂಡಿತು. 1979ರ ಆಗಸ್ಟಿನಲ್ಲಿ ಅದನ್ನು ಈ ಅಳಿವೆಯ ಅಂಚಿಗೆ, ಲ್ಯಾನರ್ಕ್-ಅ-ಮೋರ್ ಎಂಬಲ್ಲಿಗೆ ತಂದು ಶಾಶ್ವತವಾಗಿ ಕೂರಿಸಿದರು. (ಊರಿನ ಹೆಸರನ್ನು ನಾನು ಬರೆದಂತೆ ಓದಿದರೆ ವೇಲ್ಸಿನವರು ನಗುತ್ತಾರೆ. ಅವರ ಆ ಮೊದಲ ಅಕ್ಷರ ನಾಲಗೆಯ ಎರಡೂ ಬದಿಯಿಂದ ಗಾಳಿ ಸುಯ್ಯೆನ್ನಿಸಿ ಹೊರಡಿಸುವ ಸದ್ದು. ನಮ್ಮ ಲಕಾರವೂ ಅದಲ್ಲ, ಳಕಾರವೂ ಅದಲ್ಲ.) ಹೊಸ ಹೆಸರು ಫನ್ ಶಿಪ್. ಮೋಜಿನ ಹಡಗು. ಒಳಗೆ ಸಂತೆಯಂಥ ಅಂಗಡಿಗಳು, ಬಾರು, ಮಕ್ಕಳಿಗೂ ದೊಡ್ಡವರಿಗೂ ಆಟದ ಯಂತ್ರಗಳು. ಮುಂದೆ ಹೋಟೆಲ್ ಮಾಡುವ ಕನಸೂ ಇತ್ತಂತೆ.

ಆ ಹೊತ್ತನ್ನು ನೆನೆಯಬೇಕು. ಜಪಾನಿನ ಟೈಟೊ ಕಂಪನಿಗಾಗಿ ಟೊಮೊಹಿರೊ ನಿಶಿಕಾದೊ ಮಾಡಿದ ಸ್ಪೇಸ್ ಇನ್ವೇಡರ್ಸ್ 1978ರಲ್ಲಿ ಬಂದಿತ್ತು. ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಅನ್ಯಲೋಕದ ಹುಳಗಳು, ಕೆಳಗೆ ಒಬ್ಬಂಟಿ ತುಪಾಕಿ. ಹುಳ ಕಡಿಮೆಯಾದಷ್ಟೂ ಅವುಗಳ ಓಟ ಜೋರು, ಎದೆಬಡಿತದಂಥ ಆ ಢಬ್ ಢಬ್ ಸದ್ದೂ ಜೋರು. ಬ್ರಿಟನ್ನಿನ ಬಾರುಗಳಲ್ಲಿ, ಮೀನು-ಚಿಪ್ಸ್ ಅಂಗಡಿಗಳಲ್ಲಿ, ಕಡಲತೀರದ ಊರುಗಳಲ್ಲಿ ಅದು ಹರಡಿದ ವೇಗ ನೋಡಿ ಜನಪ್ರತಿನಿಧಿಗಳೇ ಕಂಗಾಲಾದರು. 1981ರ ಮೇ ತಿಂಗಳಲ್ಲಿ ಲೇಬರ್ ಪಕ್ಷದ ಸಂಸದ ಜಾರ್ಜ್ ಫೌಕ್ಸ್ ಈ ಯಂತ್ರಗಳಿಗೆ ಲಗಾಮು ಹಾಕಲು ಒಂದು ಮಸೂದೆಯನ್ನೇ ಬ್ರಿಟಿಷ್ ಸಂಸತ್ತಿನ ಮುಂದಿಡಲು ಅನುಮತಿ ಕೇಳಿದರು. ಮತಕ್ಕೆ ಹಾಕಿದರೆ ಪರವಾಗಿ 94, ವಿರುದ್ಧವಾಗಿ 114. ಇಪ್ಪತ್ತು ಮತಗಳಲ್ಲಿ ಹುಳಗಳು ಗೆದ್ದವು. ಇನ್ನೊಂದು ಮಾತು: ಅಮೆರಿಕದ ಅಟಾರಿ ಕಂಪನಿ ಯುರೋಪಿಗೆ ಬೇಕಾದ ಯಂತ್ರಗಳನ್ನು ಐರ್ಲೆಂಡಿನ ಟಿಪರರಿಯಲ್ಲಿ ಕಟ್ಟಿಸುತ್ತಿತ್ತು. ಆ ಪೆಟ್ಟಿಗೆಗಳು ಬ್ರಿಟನ್ನಿಗೆ ಬರಬೇಕೆಂದರೆ ನಮ್ಮ ಡ್ಯೂಕ್ ತನ್ನ ಆಯುಷ್ಯವನ್ನೆಲ್ಲ ಸವೆಸಿದ್ದ ಅದೇ ಐರಿಷ್ ಸಮುದ್ರವನ್ನು ದಾಟಬೇಕಿತ್ತು.

ಇಂಥ ಯಂತ್ರ ಇಂದು ಅಪರೂಪ ಯಾಕಾಯಿತು ಎನ್ನುವುದು ಗೊತ್ತಾಗದಿದ್ದರೆ ಮುಂದಿನ ಕತೆಗೆ ಬೆಲೆ ಬರುವುದಿಲ್ಲ. ಸಾವಿರ ಸಾವಿರ ಸಂಖ್ಯೆಯಲ್ಲಿ ಮಾಡಿದ ವಸ್ತು ಅದು. ಆದರೆ ಅದನ್ನು ಇಟ್ಟುಕೊಂಡ ಅಂಗಡಿಯವನಿಗೆ ಅದು ಕಲೆಯೂ ಅಲ್ಲ, ನೆನಪೂ ಅಲ್ಲ. ದಿನಕ್ಕೆ ಇಷ್ಟು ಚಿಲ್ಲರೆ ಉದುರಿಸುವ ಡಬ್ಬ. ಹೊಸ ಆಟ ಬಂತೆಂದರೆ ಹಳೆಯದರ ಮುಂದೆ ಜನ ನಿಲ್ಲುವುದಿಲ್ಲ. ಆಗ ಆತ ಹಿಂಬಾಗಿಲು ತೆಗೆದು ಒಳಗಿನ ಸರ್ಕ್ಯೂಟ್ ಬೋರ್ಡು ಕಿತ್ತು ಬೇರೆಯದು ಕೂರಿಸುತ್ತಾನೆ, ಬದಿಯ ಬಣ್ಣದ ಚಿತ್ರಗಳ ಮೇಲೆ ಕರಿ ಬಣ್ಣ ಬಳಿಯುತ್ತಾನೆ, ತಲೆಯ ಮೇಲಿನ ಹೆಸರಿನ ಗಾಜು ಬದಲಿಸುತ್ತಾನೆ. ನಾಲ್ಕು ಸಲ ಹೀಗೆ ವೇಷ ಬದಲಿಸಿದ ಮೇಲೆ ಪೆಟ್ಟಿಗೆ ಸೌದೆಗೆ. 1985ರಲ್ಲಿ ಜಪಾನಿನ ತಯಾರಕರ ಸಂಘ ಎಲ್ಲ ಬೋರ್ಡುಗಳಿಗೂ ಒಂದೇ ಬಗೆಯ ವೈರಿಂಗ್ ಜೋಡಣೆಯನ್ನು ತಂದಿತು. ಜಾಮಾ ಎಂದು ಅದರ ಹೆಸರು. ಆಮೇಲಂತೂ ಹಳೆಯ ಆಟ ಕಿತ್ತು ಹೊಸದು ಹಾಕುವುದು ಬಲ್ಬು ಬದಲಿಸಿದಷ್ಟೇ ಸಲೀಸಾಯಿತು. ಹಳೆಯ ಪೆಟ್ಟಿಗೆಗಳ ಕೊಲೆಗಡುಕ ಯಾರೆಂದು ಕೇಳಿದರೆ ನಾನು ತೋರಿಸುವುದು ಆ ಪುಟ್ಟ ಕನೆಕ್ಟರನ್ನೇ.

ಡ್ಯೂಕ್ ಹಡಗಿನ ಯಂತ್ರಗಳಿಗೆ ಈ ಗತಿ ಬರಲಿಲ್ಲ. ಕಾರಣ, ಜಗಳ.

ಮೋಜಿನ ಹಡಗಿನವರಿಗೂ ಸ್ಥಳೀಯ ಆಡಳಿತಕ್ಕೂ ಮೊದಲಿನಿಂದಲೇ ಸರಿಬರಲಿಲ್ಲ. ಹಡಗಿಗೆ ಹೋಗುವ ದಾರಿ, ರೈಲು ಹಳಿಯ ಕೆಳಗಿನ ತಗ್ಗಾದ ಸೇತುವೆ, ಬೆಂಕಿ ಬಿದ್ದರೆ ಜನ ಹೊರಬರುವುದು ಹೇಗೆ, ಯಾವ ಪರವಾನಗಿ ಬೇಕು ಯಾವುದು ಬೇಡ. ನೋಟಿಸು, ಉತ್ತರ, ಮತ್ತೆ ನೋಟಿಸು. ಯಾರು ಸರಿ, ಯಾರು ತಪ್ಪು ಎನ್ನುವ ಪಂಚಾಯಿತಿ ನನಗೆ ಬೇಡ. ನೋಟಿಸು ಕಟ್ಟುಗಳನ್ನು ಕಂಡವರಿಗೆ ಅದರ ಅಂತ್ಯ ಗೊತ್ತೇ ಇರುತ್ತದೆ. 1980ರ ದಶಕದ ನಡುವಿನ ಹೊತ್ತಿಗೆ ಮೋಜಿನ ಹಡಗು ಬಾಗಿಲು ಹಾಕಿತು. ಆಮೇಲೆ ಕೆಲಕಾಲ ಗೋದಾಮಾಯಿತು. ಯಂತ್ರಗಳು ನಿಂತಲ್ಲೇ ನಿಂತವು. ಅವನ್ನು ಹೊರಗೆ ತಂದು ಮಾರಿದರೆ ಬರುವ ದುಡ್ಡಿಗಿಂತ ತರುವ ಖರ್ಚು ಹೆಚ್ಚಾಗುತ್ತಿತ್ತು. ಹಾಗಾಗಿ ಯಾರೂ ಅವಕ್ಕೆ ಕರಿ ಬಣ್ಣ ಬಳಿಯಲಿಲ್ಲ, ಜಾಮಾ ಹಾಕಲಿಲ್ಲ, ಸೌದೆ ಮಾಡಲಿಲ್ಲ. ಹಡಗು ತೆರೆದೇ ಇದ್ದಿದ್ದರೆ, ವ್ಯಾಪಾರ ಚೆನ್ನಾಗಿ ನಡೆದಿದ್ದರೆ, 1990ರ ಹೊತ್ತಿಗೆ ಅವುಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಗೆದ್ದ ಅಂಗಡಿಗಳ ಯಂತ್ರಗಳೆಲ್ಲ ತಿಪ್ಪೆ ಸೇರಿದವು; ಸೋತ ಅಂಗಡಿಯದು ಉಳಿಯಿತು.

ಕಬ್ಬಿಣದ ಗೋಡೆ, ಒಳಗೆ ಬಿಸಿಲಿಲ್ಲ. ಬದಿಯ ಚಿತ್ರಗಳ ಕೆಂಪು-ಹಳದಿ ಮಾಸುವುದು ಬಿಸಿಲಿಗೆ, ಸಿಗರೇಟು ಹೊಗೆಗೆ, ಸೋತ ಹುಡುಗರ ಒದೆತಕ್ಕೆ. ಇಲ್ಲಿ ಆ ಮೂರೂ ಇರಲಿಲ್ಲ. ಬದಲಿಗೆ ಇದ್ದದ್ದು ತೇವ. ಕಡಲ ಗಾಳಿಯ ಉಪ್ಪು, ಚಳಿಗಾಲದಲ್ಲಿ ಕಬ್ಬಿಣದ ಮೈಯಿಂದ ತೊಟ್ಟಿಕ್ಕುವ ನೀರು. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಬಳಸಿದ್ದು ಗಟ್ಟಿ ಮರವಲ್ಲ. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ. ಅದಕ್ಕೆ ನೀರು ತಾಗಿದರೆ ಹಾಲಿಗೆ ಹಾಕಿದ ರಸ್ಕಿನಂತೆ ಉಬ್ಬುತ್ತದೆ. ಮೇಲಿಂದ ನೋಡಿದರೆ ಮದುಮಗಳಂತಿರುವ ಪೆಟ್ಟಿಗೆಯ ಬುಡ ಮುಟ್ಟಿದರೆ ಕೈಗೆ ಹಿಟ್ಟು.

ಬ್ರಿಟನ್ನಿನ ಹಳೆಯ ಯಂತ್ರಗಳ ಸಂಗ್ರಾಹಕರ ನಡುವೆ ಈ ಹಡಗಿನ ಸುದ್ದಿ ಬಹಳ ಕಾಲ ಗಾಳಿಮಾತಾಗಿಯೇ ಓಡಾಡುತ್ತಿತ್ತು. ಚಿಕ್ಕವನಿದ್ದಾಗ ಅಲ್ಲಿ ಆಡಿದ್ದೆ ಎನ್ನುವವನೊಬ್ಬ, ಎಲ್ಲ ಎಂದೋ ಖಾಲಿ ಮಾಡಿದ್ದಾರೆ ಎನ್ನುವವನೊಬ್ಬ. ನಿಧಿಯ ಕತೆಗಳೆಲ್ಲ ಹೀಗೇ. ಆದರೆ ಇಲ್ಲಿ ನಕ್ಷೆ ಬೇಕಿರಲಿಲ್ಲ, ಅಗೆಯುವುದೂ ಬೇಕಿರಲಿಲ್ಲ. ಬೇಕಾದದ್ದು ಮಾಲೀಕರ ಒಂದು 'ಹೂಂ'. ಅಧಿಕಾರಿಗಳೊಂದಿಗೆ ವರ್ಷಗಟ್ಟಲೆ ಗುದ್ದಾಡಿದವರು ಅಪರಿಚಿತರಿಗೆ ಸುಲಭವಾಗಿ ಬಾಗಿಲು ತೆಗೆಯುವುದಿಲ್ಲ. ಸಂಗ್ರಾಹಕರ ಒಂದು ಸಣ್ಣ ಗುಂಪು ಬೆನ್ನು ಬಿಡದೆ ಮಾತುಕತೆ ನಡೆಸಿತು. ನಾವು ನುಸುಳಿ ಕದಿಯುವವರಲ್ಲ, ದುಡ್ಡು ಕೊಟ್ಟು ಒಯ್ದು ಸರಿಮಾಡುವವರು ಎಂದು ನಂಬಿಸಲು ಬಹಳ ಕಾಲ ಹಿಡಿಯಿತು. ಈ ಕತೆಯಲ್ಲಿ ಆವಿಷ್ಕಾರ ಎಂದು ಏನಾದರೂ ಇದ್ದರೆ ಅದು ಆ ತಾಳ್ಮೆ. ಎಲ್ಲರೂ ನೋಡಿದ್ದನ್ನು ಅವರೂ ನೋಡಿದರು, ಆದರೆ ಕದ ತಟ್ಟುತ್ತಲೇ ಇದ್ದರು. 2010ರ ದಶಕದ ಮೊದಲ ವರ್ಷಗಳಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು.

ಇನ್ನು ಸಾಗಿಸುವ ಕೆಲಸ.

ನಮ್ಮ ಮನೆಯ ಕಬ್ಬಿಣದ ಬೀರುವನ್ನು ಮೊದಲ ಮಹಡಿಯಿಂದ ಇಳಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾಲ್ವರು ಹಮಾಲರು, ಒಂದು ಹಗ್ಗ, ಎರಡು ಗೋಣಿಚೀಲ. ತಿರುವಿನ ಮೆಟ್ಟಿಲಲ್ಲಿ ಅದು ಸಿಕ್ಕಿಕೊಂಡಿತು. "ಸ್ವಲ್ಪ ಓರೆ ಮಾಡೋ", "ಏ ತಡಿ, ಬೆರಳು, ಬೆರಳು!" ಅರ್ಧ ಗಂಟೆ ಬೀರು ಮೇಲೂ ಇಲ್ಲ ಕೆಳಗೂ ಇಲ್ಲ. ಒಳಗೆ ಬಂದದ್ದು ಹೊರಗೂ ಹೋಗಲೇಬೇಕಲ್ಲ ಎಂದು ಅಪ್ಪ ತರ್ಕ ಹೇಳುತ್ತ ನಿಂತಿದ್ದರು. ಹಮಾಲರ ಮುಖ್ಯಸ್ಥ ಬೆವರು ಒರೆಸಿಕೊಂಡು, "ಬಂದಾಗ ಈ ಕಟಾಂಜನ ಇರ್ಲಿಲ್ಲ ಸ್ವಾಮಿ" ಎಂದ. ಅವನದೇ ಸರಿ. ನಾವು ಆಮೇಲೆ ಹಾಕಿಸಿದ್ದು ಅದು.

ಇಂಥ ಆಟದ ಯಂತ್ರವೂ ಹೆಚ್ಚುಕಡಿಮೆ ಒಂದು ಬೀರು. ನೂರು ಕಿಲೋ ಮೀರುವುದು ಸಾಮಾನ್ಯ. ಭಾರವೆಲ್ಲ ಮೇಲೆ, ಏಕೆಂದರೆ ಗಾಜಿನ ಟಿವಿ ಕೊಳವೆ ಇರುವುದು ಎದೆಯ ಎತ್ತರದಲ್ಲಿ. ಬೀರು ಬಿದ್ದರೆ ನಗ್ಗುತ್ತದೆ, ಇದು ಬಿದ್ದರೆ ಮುಗಿಯಿತು. ಕೊಳವೆಯ ಹಿಂಬದಿಯ ಕತ್ತು ಹೆಬ್ಬೆರಳಿನಷ್ಟು ತೆಳ್ಳಗೆ; ಅದಕ್ಕೊಂದು ಏಟು ಬಿದ್ದರೆ ಒಳಗಿನ ನಿರ್ವಾತಕ್ಕೆ ಗಾಳಿ ನುಗ್ಗಿ ಕೊಳವೆ ಸತ್ತೇ ಹೋಗುತ್ತದೆ. ಓಡುವಾಗ ಅದರ ಮೈಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನ ಸುತ್ತಮುತ್ತ ಇರುತ್ತದೆ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದಕ್ಕೇ ಬಲ್ಲವರು ಪೆಟ್ಟಿಗೆ ತೆರೆದ ಕೂಡಲೇ ನೆಲತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಕೊಳವೆಯ ಮೇಲಿನ ರಬ್ಬರ್ ಟೋಪಿಯ ಅಡಿಗೆ ತೂರಿಸಿ ಆ ವಿದ್ಯುತ್ತನ್ನು ಭೂಮಿಗೆ ಇಳಿಸುತ್ತಾರೆ. ಅಷ್ಟು ವರ್ಷ ಆರಿಹೋಗಿದ್ದ ಕೊಳವೆಯಲ್ಲಿ ಏನೂ ಉಳಿದಿರುವುದಿಲ್ಲ; ಆದರೂ ಯಾರೂ ಆ ಶಾಸ್ತ್ರ ಬಿಡುವುದಿಲ್ಲ. ಇನ್ನೊಂದು ಶಾಸ್ತ್ರ, ಸಿಕ್ಕಿದ ಯಂತ್ರಕ್ಕೆ ಅಲ್ಲೇ ಕರೆಂಟು ಕೊಟ್ಟು ನೋಡಬಾರದು. ಆಸೆ ಎಷ್ಟೇ ಇರಲಿ. ಒಣಗಿದ ಕೆಪಾಸಿಟರು, ಇಲಿ ಕಚ್ಚಿದ ವೈರು, ತುಕ್ಕು ಹಿಡಿದ ಟ್ರಾನ್ಸ್‌ಫಾರ್ಮರು ಒಂದು ಸ್ವಿಚ್ಚಿಗೆ ಕಾಯುತ್ತಿರುತ್ತವೆ.

ನೆಲದ ಮೇಲಿದ್ದರೆ ಹಿಂದಕ್ಕೆ ವಾಲಿಸಿ, ಬುಡದ ಪುಟ್ಟ ಚಕ್ರಗಳ ಮೇಲೆ ಉರುಳಿಸಿಕೊಂಡು ಹೋಗಬಹುದು. ಬುಡವೇ ಹಿಟ್ಟಾಗಿರುವಾಗ ವಾಲಿಸುವುದು ಹೇಗೆ? ಮೊದಲು ಹಲಗೆ ತೂರಿಸಿ, ಪಟ್ಟಿ ಬಿಗಿದು, ಆಮೇಲೆ ತಳ್ಳುಗಾಡಿ. ಅದೂ ಹಡಗಿನೊಳಗೆ. ಹಡಗಿನ ಬಾಗಿಲುಗಳಿಗೆ ನಮ್ಮ ಹಳೆ ಮನೆಗಳಂತೆ ಎತ್ತರದ ಹೊಸ್ತಿಲು, ನೀರು ಒಳಬಾರದಿರಲೆಂದು. ಮೆಟ್ಟಿಲುಗಳು ಏಣಿಯಷ್ಟು ಕಡಿದು. ದೀಪವಿಲ್ಲ, ಟಾರ್ಚಿನ ಬೆಳಕಲ್ಲಿ, ಜಾರುವ ಕಬ್ಬಿಣದ ಮೇಲೆ, ಒಂದೊಂದೇ ಪೆಟ್ಟಿಗೆ. ಹಡಗಿನ ಮೈಯಂತೂ ನೆಲದಿಂದ ಮನೆ ಮೇಲೆ ಮನೆ ಇಟ್ಟಷ್ಟು ಎತ್ತರ. ಹೆಗಲ ಮೇಲೆ ಹೊತ್ತು ಇಳಿಸುವ ಮಾತೇ ಇಲ್ಲ. ಕ್ರೇನ್ ತರಿಸಬೇಕಾಯಿತು.

ಕ್ರೇನಿನ ಕೊಂಡಿಗೆ ತೂಗುಬಿದ್ದ ಪೆಟ್ಟಿಗೆ ಹಡಗಿನ ಅಂಚು ದಾಟಿ ಬಯಲ ಗಾಳಿಗೆ ಬರುವ ಗಳಿಗೆಯನ್ನು ನಾನು ಬಹಳ ಸಲ ಕಲ್ಪಿಸಿಕೊಂಡಿದ್ದೇನೆ. ಎಂಬತ್ತರ ದಶಕದ ಮೊದಲಲ್ಲಿ ಆಟದ ಸದ್ದುಗದ್ದಲದ ನಡುವೆ ಒಳಗೆ ಹೋದದ್ದು ಈಗ ಅಳಿವೆಯ ಕೆಸರಿನ ಮೇಲೆ ಮೆಲ್ಲಗೆ ತಿರುಗುತ್ತದೆ. ಕೆಳಗೆ ನಿಂತವರು ಯಾರೂ ಮಾತಾಡುವುದಿಲ್ಲ. ತೇರು ಮೂಲೆ ತಿರುಗುವಾಗ ಸನ್ನೆ ಕೊಡುವವರನ್ನು ನೋಡಿದವರಿಗೆ ಆ ಮೌನ ಗೊತ್ತು. ಉಘೇ ಎನ್ನುವುದು ಚಕ್ರ ನೇರ ಬಿದ್ದ ಮೇಲೆ.

ನೆಲ ಮುಟ್ಟಿದ ಮೇಲೂ ಕೆಲಸ ಅರ್ಧವೇ. ಎಲ್ಲವೂ ಉಳಿಯುವಂಥವಾಗಿರಲಿಲ್ಲ. ಇಂಥ ರಾಶಿಯಲ್ಲಿ ಕೆಲವು ಒರೆಸಿದರೆ ಹೊಳೆಯುತ್ತವೆ, ಕೆಲವು ಬುಡದ ಒಂದಡಿ ಕತ್ತರಿಸಿ ಹೊಸ ಹಲಗೆ ಜೋಡಿಸಿದರೆ ನಿಲ್ಲುತ್ತವೆ, ಇನ್ನು ಕೆಲವು ಬೇರೆ ಯಂತ್ರಗಳಿಗೆ ಅಂಗಾಂಗ ದಾನ ಮಾಡುತ್ತವೆ. ಆಟ ಇರುವುದು ಕಿಟಕಿಯುಳ್ಳ ಪುಟ್ಟ ಚಿಪ್‌ಗಳಲ್ಲಿ. ನೇರಳಾತೀತ ಬೆಳಕು ಬಿದ್ದರೆ ಅಳಿಸಿಹೋಗುವ ಬಗೆಯವು ಅವು. ಅದಕ್ಕೇ ಕಿಟಕಿಯ ಮೇಲೆ ಕಾಗದದ ಚೀಟಿ ಅಂಟಿಸಿರುತ್ತಾರೆ. ಕತ್ತಲಲ್ಲಿದ್ದದ್ದು ಅವಕ್ಕೂ ಒಳ್ಳೆಯದೇ ಆಯಿತು. ಕಷ್ಟ ಇರುವುದು ಕೊಳವೆಯದು. 1979ರ ಆಸ್ಟರಾಯ್ಡ್ಸ್, 1980ರ ಬ್ಯಾಟಲ್‌ಝೋನ್‌ನಂಥ ಆಟಗಳ ಪರದೆ ನಮ್ಮ ಟಿವಿಯಂತೆ ಸಾಲುಸಾಲಾಗಿ ಬೆಳಗುವುದಲ್ಲ. ಎಲೆಕ್ಟ್ರಾನಿನ ಎಳೆಯೊಂದು ರಂಗೋಲಿ ಹಾಕುವ ಕೈಯಂತೆ ಗೆರೆಯಿಂದ ಗೆರೆಗೆ ಓಡುತ್ತ ಚಿತ್ರ ಬಿಡಿಸುತ್ತದೆ. ಕಪ್ಪಿನ ಮೇಲೆ ಆ ಗೆರೆಗಳ ಹೊಳಪೇ ಬೇರೆ. ಆ ಬಗೆಯ ಕೊಳವೆಯನ್ನು ಈಗ ಹೊಸದಾಗಿ ಮಾಡುವವರಿಲ್ಲ, ಒಡೆದದ್ದು ಒಡೆದಂತೆಯೇ.

ಆಟವನ್ನಷ್ಟೇ ಆಡಬೇಕೆಂದಿದ್ದರೆ ಈ ಪಾಡು ಯಾಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. 1997ರಲ್ಲಿ ಇಟಲಿಯ ನಿಕೊಲಾ ಸಾಲ್ಮೋರಿಯಾ ಶುರುಮಾಡಿದ ಮೇಮ್ ಎಂಬ ತಂತ್ರಾಂಶ ಇಂಥ ಸಾವಿರಾರು ಯಂತ್ರಗಳನ್ನು ಮನೆಯ ಕಂಪ್ಯೂಟರಿನೊಳಗೇ ಅನುಕರಿಸುತ್ತದೆ. ಹುಳಗಳು ಅದೇ ಹುಳಗಳು, ಢಬ್ ಢಬ್ ಅದೇ ಢಬ್ ಢಬ್. ಆದರೆ ಸ್ಪೇಸ್ ಇನ್ವೇಡರ್ಸ್‌ನ ನಿಜವಾದ ಪೆಟ್ಟಿಗೆಯಲ್ಲಿ ಪರದೆ ಕೆಳಗೆ ಮಲಗಿರುತ್ತದೆ, ನಾವು ನೋಡುವುದು ಕನ್ನಡಿಯಲ್ಲಿ ಅದರ ಬಿಂಬವನ್ನು. ಹಿಂದೆ ಚಂದ್ರನ ನೆಲದ ಬಣ್ಣದ ಚಿತ್ರ, ಅದರ ಮುಂದೆ ಹುಳಗಳು ತೇಲಿದಂತೆ ಕಾಣುತ್ತವೆ. ಕಂಪ್ಯೂಟರಿನಲ್ಲಿ ಅದು ಲೆಕ್ಕ, ಪೆಟ್ಟಿಗೆಯಲ್ಲಿ ಅದು ನೋಟ. ಹೊರಬಂದ ಯಂತ್ರಗಳು ಸಂಗ್ರಾಹಕರ ಪಾಲಾಗಿ ಹಂಚಿಹೋದವು. ಅವರು ಅವನ್ನು ಕ್ಯಾಬ್ ಎಂದು ಕರೆಯುತ್ತಾರೆ. ಬೆಂಗಳೂರಿನಲ್ಲಿ "ಮನೆಗೆ ಕ್ಯಾಬ್ ಬಂತು" ಎಂದರೆ ಬೇರೆಯೇ ಅರ್ಥ.

ಹಡಗು ಇನ್ನೂ ಅಲ್ಲೇ ಇದೆ. 2012ರಲ್ಲಿ ಲಾಟ್ವಿಯಾದ ಕೀವೀ ಎಂಬ ಕಲಾವಿದನಿಂದ ಶುರುವಾಗಿ ಹಲವರು ಅದರ ಮೈಮೇಲೆ ದೈತ್ಯ ಚಿತ್ರಗಳನ್ನು ಬಿಡಿಸಿದರು. ಒಳಗಿನ ಚಿತ್ರದ ಪೆಟ್ಟಿಗೆಗಳು ಹೊರಗೆ ಹೋದ ಸುಮಾರಿಗೇ ಹೊರಮೈಗೆ ಚಿತ್ರ ಬಂತು.

ಆ ಕಾಲದ ಬ್ರಿಟಿಷ್ ಯಂತ್ರವನ್ನು ಇದ್ದಂತೆಯೇ ಮನೆಗೆ ತಂದವನಿಗೆ ಕೊನೆಯದೊಂದು ತೊಡಕು ಕಾದಿರುತ್ತದೆ. ಅದು ನುಂಗುತ್ತಿದ್ದದ್ದು ಹತ್ತು ಪೆನ್ಸಿನ ನಾಣ್ಯ. 1992ರಲ್ಲಿ ಬ್ರಿಟನ್ ಆ ನಾಣ್ಯವನ್ನು ಚಿಕ್ಕದು ಮಾಡಿತು, ಮರುವರ್ಷ ದೊಡ್ಡದನ್ನು ಚಲಾವಣೆಯಿಂದಲೇ ತೆಗೆಯಿತು. ಡ್ಯೂಕ್ ಹಡಗಿನ ಕತ್ತಲಲ್ಲಿದ್ದ ಯಂತ್ರಗಳಿಗೆ ಈ ಸುದ್ದಿ ಹೇಗೆ ಗೊತ್ತಾಗಬೇಕು? ಇಂದಿನ ಹತ್ತು ಪೆನ್ಸ್ ಹಾಕಿದರೆ ಅವು ಉಗುಳುತ್ತವೆ. ಹಾಗಾಗಿ ಆಡಬೇಕೆನ್ನುವವರು ಹಳೆಯ ನಾಣ್ಯಗಳನ್ನು ಹುಡುಕಿ ಕೊಂಡು, ಯಂತ್ರದ ಪಕ್ಕ ಬಟ್ಟಲಲ್ಲಿಟ್ಟುಕೊಳ್ಳಬೇಕು. ಹಳೆಯ ಎರಡು ಶಿಲಿಂಗಿನ ನಾಣ್ಯವೂ ಅದೇ ಅಳತೆ, ಅದೇ ತೂಕ, ಅದೂ ನಡೆಯುತ್ತದೆ. 1947ರಲ್ಲಿ ಟಂಕಿಸಿದ್ದೊಂದು ಸಿಕ್ಕರೆ ತಿರುಗಿಸಿ ನೋಡಿ: ಆರನೇ ಜಾರ್ಜ್‌ನನ್ನು ಭಾರತದ ಚಕ್ರವರ್ತಿ ಎಂದು ಲ್ಯಾಟಿನ್‌ನಲ್ಲಿ ಮೊಟಕುಗೊಳಿಸಿ ಅದರ ಅಂಚಿನಲ್ಲಿ ಕೊರೆದಿರುತ್ತದೆ. ಆ ನಾಣ್ಯಕ್ಕೆ ಈಗ ಅಂಗಡಿಯಲ್ಲಿ ಒಂದು ಮಿಠಾಯಿಯೂ ಬರುವುದಿಲ್ಲ. ಸೀಳಿನೊಳಗೆ ಹಾಕಿದರೆ ಮಾತ್ರ ಠಣ್ಣೆಂದು ಬಿದ್ದು, ಒಂದು ಆಟ ಸಿಗುತ್ತದೆ.